ಇಲ್ಲ ಎಂದ ನಾಲ್ಕು ಯಂತ್ರಗಳು

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ 40 ಯಂತ್ರಗಳಿದ್ದವು. ಮರುದಿನ ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಂದರ ಮುಂದೆ ಕೂತು, ಬೇಕಾದ ತಂತ್ರಾಂಶ ಇದೆಯೇ ಎಂದು ನೋಡುವಷ್ಟು ಹೊತ್ತು ಇರಲಿಲ್ಲ. ನನ್ನ ಮೇಜಿನಿಂದಲೇ ಎಲ್ಲವನ್ನೂ ವಿಚಾರಿಸುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಓಡಿಸಿದೆ. 31 ಯಂತ್ರಗಳು ಕೂಡಲೇ ಉತ್ತರ ಕೊಟ್ಟವು. ಐದರಿಂದ ‘ಆರ್‌ಪಿಸಿ ಸರ್ವರ್ ಲಭ್ಯವಿಲ್ಲ’ ಎಂದು ಬಂತು. ಉಳಿದ ನಾಲ್ಕು ‘ಆಕ್ಸೆಸ್ ಡಿನೈಡ್’ ಎಂದವು.

ಈ ಎರಡು ದೋಷಸಂದೇಶಗಳು ಒಂದೇ ಅಲ್ಲ. ಮೊದಲನೆಯದು, ಬಾಗಿಲು ತಟ್ಟಿದರೂ ಒಳಗಿನಿಂದ ಯಾರೂ ಓಗೊಡದ ಸ್ಥಿತಿ. ಯಂತ್ರ ಆಫ್ ಆಗಿರಬಹುದು, ಫೈರ್‌ವಾಲ್ ಅಡ್ಡ ಬಂದಿರಬಹುದು. ಅದನ್ನು ಬೇಗನೆ ಸರಿಪಡಿಸಿದೆ. ಎರಡನೆಯದರಲ್ಲಿ ಒಳಗೆ ಯಾರೋ ಇದ್ದಾರೆ, ನನ್ನ ಮಾತು ಕೇಳಿದ್ದಾರೆ, ಕೇಳಿಯೂ ಬೇಡ ಎನ್ನುತ್ತಿದ್ದಾರೆ. ನನಗೆ ಸಿಟ್ಟು ಬಂದದ್ದು ಇದಕ್ಕೇ. ಹೆಸರು ಸರಿ, ಪಾಸ್‌ವರ್ಡ್ ಸರಿ, ಆ ಯಂತ್ರದ ಆಡಳಿತಗಾರರ ಗುಂಪಿನಲ್ಲಿ ನನ್ನ ಖಾತೆಯೂ ಇದೆ. ಇನ್ನೇನು ಬೇಕು?

ಹುಡುಕಿದಾಗ ಕಾರಣ ಸಿಕ್ಕಿತು. ವಿಸ್ಟಾದಿಂದ ಈಚಿನ ವಿಂಡೋಸ್, ಡೊಮೈನ್‌ಗೆ ಸೇರದ ಸ್ಥಳೀಯ ಖಾತೆಯೊಂದು ನೆಟ್‌ವರ್ಕ್ ಮೂಲಕ ಬಂದರೆ, ಅದು ಆಡಳಿತಗಾರರದ್ದೇ ಆಗಿದ್ದರೂ ವಿಶೇಷ ಅಧಿಕಾರವನ್ನು ಕಳಚಿಟ್ಟು ಸಾಮಾನ್ಯ ಬಳಕೆದಾರನಂತೆ ನೋಡುತ್ತದೆ. ಎದುರಿಗೆ ಕೂತವನನ್ನಾದರೆ ‘ಹೌದೇ?’ ಎಂದು ಒಂದು ಮಾತು ಕೇಳಬಹುದು. ದೂರದಿಂದ ಬಂದವನನ್ನು ಕೇಳುವುದು ಹೇಗೆ? ಹಾಗಾಗಿ ಅದು ನನ್ನನ್ನು ಗುರುತಿಸಿತು, ಆದರೆ ಅಧಿಕಾರ ಕೊಡಲಿಲ್ಲ.

ಗುರುತು ಬೇರೆ, ಅಧಿಕಾರ ಬೇರೆ. ಈ ವ್ಯತ್ಯಾಸ ಕಂಪ್ಯೂಟರಿನದ್ದಲ್ಲ, ಬಹಳ ಹಳೆಯದು. ವಾಲ್ಮೀಕಿಯ ಸುಂದರಕಾಂಡದಲ್ಲಿ ಸೀತೆ ಮೊದಲು ಹನುಮಂತನನ್ನು ನಂಬುವುದಿಲ್ಲ. ವೇಷ ಹಾಕಿ ಬಂದವನಿಂದ ಒಮ್ಮೆ ಮೋಸಹೋದವಳು ಆಕೆ. ಉಂಗುರ ನೋಡಿದ ಮೇಲೆ ಆತ ರಾಮದೂತನೆಂಬುದು ಖಚಿತವಾಗುತ್ತದೆ. ಆದರೆ ಬೆನ್ನ ಮೇಲೆ ಹೊತ್ತೊಯ್ಯುತ್ತೇನೆ ಎಂದು ಆತ ಹೇಳಿದಾಗ ಆಕೆ ಒಪ್ಪುವುದಿಲ್ಲ. ಉಂಗುರ ಆತ ಯಾರೆಂದು ಹೇಳಿತೇ ಹೊರತು, ಏನು ಮಾಡಬಹುದೆಂದು ಹೇಳಲಿಲ್ಲ. ಆ ನಿರಾಕರಣೆಯನ್ನು ಅಪನಂಬಿಕೆ ಎಂದು ನಾವ್ಯಾರೂ ಓದುವುದಿಲ್ಲ.

ನಾನು ಮಾತ್ರ ಹಾಗೆಯೇ ಓದಿದೆ. ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು 1 ಮಾಡಿದರೆ ಈ ಕಾವಲು ಇಲ್ಲವಾಗುತ್ತದೆ. ಬದಲಾಯಿಸುವ ಮುನ್ನ, ಉತ್ತರ ಕೊಟ್ಟಿದ್ದ 31 ಯಂತ್ರಗಳಲ್ಲಿ ಒಂದನ್ನು ತೆರೆದು ನೋಡಿದೆ. ಅಲ್ಲಿ ಆಗಲೇ 1 ಇತ್ತು. ಇನ್ನೊಂದರಲ್ಲೂ ಇತ್ತು. ನನಗಿಂತ ಮೊದಲು ಇದ್ದವರು ಯಾವುದೋ ಅವಸರದಲ್ಲಿ ಮಾಡಿ ಹೋಗಿದ್ದರು. ನಾಲ್ಕು ಯಂತ್ರಗಳು ಮಾತ್ರ ಹೊಸದಾಗಿ ಬಂದವು. ಅಂದರೆ ಸರಿಯಾಗಿ ನಡೆದುಕೊಂಡದ್ದು ಇಲ್ಲ ಎಂದ ಆ ನಾಲ್ಕೇ. ನಗುನಗುತ್ತಾ ಉತ್ತರ ಕೊಟ್ಟವುಗಳಲ್ಲೇ ದೋಷವಿತ್ತು.

1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಮಾಹಿತಿ ರಕ್ಷಣೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ತಿರುಳಿದೆ. ಅನುಮತಿ ಇದ್ದರೆ ಮಾತ್ರ ಒಳಗೆ ಬಿಡುವ ವ್ಯವಸ್ಥೆ ತಪ್ಪಿದರೆ, ಬರಬೇಕಾದವರನ್ನು ತಡೆಯುತ್ತದೆ. ತಡೆಸಿಕೊಂಡವರು ಕೂಗಾಡುತ್ತಾರೆ, ತಪ್ಪು ಗೊತ್ತಾಗುತ್ತದೆ. ಕೆಲವರನ್ನಷ್ಟೇ ತಡೆದು ಉಳಿದವರನ್ನೆಲ್ಲ ಬಿಡುವ ವ್ಯವಸ್ಥೆ ತಪ್ಪಿದರೆ, ಬರಬಾರದವರು ಒಳಬರುತ್ತಾರೆ. ಆಗ ಕೂಗಾಡುವವರು ಯಾರೂ ಇರುವುದಿಲ್ಲ. ಒಂದು ತಪ್ಪು ಸದ್ದು ಮಾಡುತ್ತದೆ, ಇನ್ನೊಂದು ಸುಮ್ಮನೆ ಉಳಿಯುತ್ತದೆ. ನಾವು ಸದ್ದನ್ನಷ್ಟೇ ರಿಪೇರಿ ಮಾಡುತ್ತೇವೆ. ಕಚೇರಿಗಳಲ್ಲೂ ಹೀಗೆಯೇ ಅಲ್ಲವೇ? ನಿಯಮ ಕೇಳುವ ಗುಮಾಸ್ತರು ಕಿರಿಕಿರಿ, ಕಣ್ಣುಮುಚ್ಚಿ ಸಹಿ ಹಾಕುವವರು ಒಳ್ಳೆಯವರು.

ಎಲ್ಲ 40 ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇತ್ತು. ಅದನ್ನು ವಿದ್ಯಾರ್ಥಿಗಳ ಎದುರಲ್ಲೇ ನಾನು ಎಷ್ಟೋ ಸಲ ಟೈಪ್ ಮಾಡಿದ್ದೆ. ಅದನ್ನು ಗಮನಿಸಿದ ಒಬ್ಬ ಹುಡುಗ ಸಾಕಿತ್ತು, ಲ್ಯಾಬಿನ ಯಾವ ಯಂತ್ರಕ್ಕೂ, ಯಾರ ಫೈಲಿಗೂ ಕೂತಲ್ಲಿಂದಲೇ ಕೈಹಾಕಬಹುದಿತ್ತು. ಇದೆಲ್ಲ ಅಂದು ಸಂಜೆಯೇ ನನಗೆ ತಿಳಿದಿತ್ತು. ತಿಳಿದೂ ಆ ನಾಲ್ಕು ಯಂತ್ರಗಳ ಕಾವಲನ್ನು ತೆಗೆದೆ. ಪರೀಕ್ಷೆ ಮುಗಿಯಲಿ, ಆಮೇಲೆ ಎಲ್ಲ 40ನ್ನೂ ಸರಿಮಾಡೋಣ ಎಂದುಕೊಂಡೆ. ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಸ್ಕ್ರಿಪ್ಟ್ ಮತ್ತೆಂದೂ ತಕರಾರು ಮಾಡಲಿಲ್ಲ. ತಕರಾರು ಇಲ್ಲದ್ದರಿಂದಲೇ ನಾನು ಮರೆತೆ.

ಆಮೇಲೆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದವರಿಗೆ ಕೀಲಿಗೊಂಚಲು, ಬಿಲ್ಲುಗಳು, ಪಾಸ್‌ವರ್ಡ್ ಚೀಟಿ ಎಲ್ಲ ಒಪ್ಪಿಸಿದೆ. ಇದೊಂದನ್ನು ಹೇಳಲಿಲ್ಲ. ಕೇಡೇನೂ ಆಗದಿದ್ದರೆ ಅದು ತಪ್ಪಲ್ಲ ಎಂದು ವಾದಿಸಬಹುದು. ಆದರೆ ಆ ಅಪಾಯ ನನ್ನದಾಗಿರಲಿಲ್ಲ. ನನ್ನ ಒಂದು ಸಂಜೆಯ ಅನುಕೂಲಕ್ಕೆ ನಾನು ಬಳಸಿದ್ದು ಬೇರೆಯವರ ಬಾಗಿಲನ್ನು.

ಈ ವಾರ ಆ ಕಾಲೇಜಿಗೆ ಫೋನ್ ಮಾಡಬೇಕು. ಯಂತ್ರಗಳೇ ಬದಲಾಗಿರಬಹುದು, ಈಗಿನವರು ನಕ್ಕುಬಿಡಬಹುದು. ಆದರೂ ಹೇಳಬೇಕು.