ಹೊಲದಲ್ಲಿ ಸಿಕ್ಕಿದ ಯೌವನಸ್ಥನು

(1 ಸಮುವೇಲ 30:11–15)



ದಾವೀದನೂ ಅವನ ಸಂಗಡಿಗರಾದ ಆರುನೂರು ಮಂದಿಯೂ ಚಿಕ್ಲಗಿಗೆ ಹಿಂದಿರುಗಿ ಬಂದಾಗ ಊರು ಸುಟ್ಟುಹೋಗಿತ್ತು. ಅವರ ಹೆಂಡರೂ ಗಂಡುಹೆಣ್ಣು ಮಕ್ಕಳೂ ಅಮಾಲೇಕ್ಯರ ಕೈಯಲ್ಲಿ ಸೆರೆಯಾಗಿದ್ದರು. ಇನ್ನು ಅಳುವದಕ್ಕೆ ತ್ರಾಣವಿಲ್ಲವೆಂಬಷ್ಟು ಅವರು ಅತ್ತು, ಬಳಿಕ ಶತ್ರುಗಳನ್ನು ಹಿಂದಟ್ಟಿ ಹೊರಟರು. ಬೆಸೋರ್ ಹಳ್ಳದ ಬಳಿಯಲ್ಲಿ ಇನ್ನೂರು ಮಂದಿ ದಣಿದು ಹಿಂದೆ ನಿಂತರು. ಉಳಿದ ನಾನೂರು ಮಂದಿ ಮುಂದರಿದರು. ಆಗ ಹೊಲದಲ್ಲಿ ಐಗುಪ್ತ್ಯನಾದ ಒಬ್ಬ ಯೌವನಸ್ಥನು ಸಿಕ್ಕಿದನು.

ಇವರ ಸ್ವಂತ ಮಕ್ಕಳು ಇನ್ನೂ ದೊರೆತಿರಲಿಲ್ಲವೆಂಬದನ್ನು ನಾವು ಮರೆಯಬಾರದು. ಒಂದೊಂದು ಗಳಿಗೆಯೂ ಅಮೂಲ್ಯವಾಗಿದ್ದ ಆ ಹೊತ್ತಿನಲ್ಲಿ ಅವರು ಪರರ ಮಗನಿಗೋಸ್ಕರ ನಿಂತರು. ರೊಟ್ಟಿಯನ್ನು ಕೊಟ್ಟರು, ನೀರು ಕುಡಿಸಿದರು, ಅಂಜೂರದ ಉಂಡೆಯ ಒಂದು ತುಂಡನ್ನೂ ಒಣದ್ರಾಕ್ಷೆಯ ಎರಡು ಗೊಂಚಲುಗಳನ್ನೂ ಕೊಟ್ಟರು. ಮೂರು ದಿವಸ ಹಗಲಿರುಳು ಏನೂ ತಿನ್ನದೆ ಇದ್ದವನು ಚೇತರಿಸಿಕೊಂಡನು. ನೀನು ಯಾರವನು, ಎಲ್ಲಿಂದ ಬಂದಿ ಎಂಬ ವಿಚಾರಣೆಯು ಇದೆಲ್ಲಾ ಆದ ಮೇಲೆಯೇ ನಡೆಯಿತು. ನಮ್ಮ ಹಳ್ಳಿಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಗುರುತಿಲ್ಲದ ಹುಡುಗನೊಬ್ಬನು ದೇವಾಲಯದ ಜಗಲಿಯ ಮೇಲೆ ಮಲಗಿದ್ದರೆ, ಯಾವ ಊರು, ಯಾವ ಜಾತಿ, ಯಾರ ಮಗ ಎಂದು ಹತ್ತು ಮಂದಿ ಕೇಳಿಯಾದ ಮೇಲೆ ಹನ್ನೊಂದನೆಯವಳಾಗಿ ಯಾವಳೋ ಒಬ್ಬ ತಾಯಿಯು ಅಂಬಲಿಯನ್ನು ತರುವಳು!

ಆ ಯೌವನಸ್ಥನ ಉತ್ತರವಾದರೋ ಕೇಳತಕ್ಕದ್ದು. ತಾನು ಅಮಾಲೇಕ್ಯನೊಬ್ಬನ ಆಳೆಂದೂ, ರೋಗ ಬಂದದ್ದರಿಂದ ಯಜಮಾನನು ತನ್ನನ್ನು ಬಿಟ್ಟುಹೋದನೆಂದೂ ಹೇಳಿದನು. ಅಷ್ಟೇ ಅಲ್ಲ, ಚಿಕ್ಲಗನ್ನು ಸುಟ್ಟವರ ಗುಂಪಿನಲ್ಲಿ ತಾನೂ ಇದ್ದೆನೆಂದು ಒಪ್ಪಿಕೊಂಡನು. ದಾವೀದನ ಜನರು ರೊಟ್ಟಿ ಕೊಟ್ಟದ್ದು ನಿರಪರಾಧಿಯಾದ ಕೂಸಿಗಲ್ಲ.

ಈ ವಾಕ್ಯವನ್ನು ನಾವು ಆರಿಸಿಕೊಂಡ ಕಾರಣವನ್ನು ಹೇಳುವೆವು. ಮನೆ ಬಿಟ್ಟು ಓಡಿಬಂದ, ಇಲ್ಲವೆ ಮನೆಯೇ ಇಲ್ಲದ ಪ್ರಾಯದ ಹುಡುಗರಿಗೂ ಹುಡುಗಿಯರಿಗೂ ಪಟ್ಟಣಗಳಲ್ಲಿ ಆಶ್ರಯಮನೆಗಳುಂಟು. ಅವುಗಳಿಗೆ ಹಳ್ಳಿಯ ಸಭೆಗಳು ಕೈ ನೀಡಬೇಕೆಂಬದೇ ನಮ್ಮ ಕೋರಿಕೆ. ತೊಟ್ಟಿಲ ಕೂಸಿಗೆಂದು ಕಾಣಿಕೆ ಕೇಳಿದರೆ ನಮ್ಮ ಜನರು ಬೇಗನೆ ಕೊಡುವರು. ಹದಿನೈದು ವರುಷದ, ಮೀಸೆ ಚಿಗುರುತ್ತಿರುವ, ಎದುರುಮಾತಾಡುವ, ಹೆಸರು ಕೇಳಿದರೆ ಸುಳ್ಳು ಹೇಳುವ ಹುಡುಗನಿಗೆಂದರೆ ಕೈ ಚೀಲದ ಬಳಿಯಲ್ಲೇ ನಿಲ್ಲುವದು. ಪಟ್ಟಣದ ಕೆಲಸ ಪಟ್ಟಣದವರಿಗಿರಲಿ ಎಂದು ಕೆಲವರು ಹೇಳಾರು. ಆದರೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರಾತ್ರಿಯ ಬಸ್ಸಿನಿಂದಲೋ ರೈಲಿನಿಂದಲೋ ಒಂಟಿಯಾಗಿ ಇಳಿಯುವ ಮಗುವು ಎಲ್ಲಿಂದ ಹತ್ತಿತು? ಕುಡಿದ ತಂದೆಯ ಹೊಡೆತ, ಪರೀಕ್ಷೆಯಲ್ಲಿ ತಪ್ಪಿದ ಅವಮಾನ, ಬೇಡವೆಂದರೂ ನಿಶ್ಚಯಿಸಿದ ಮದುವೆ, ಇವು ನಮ್ಮ ಬೀದಿಗಳಲ್ಲಿಯೂ ಇಲ್ಲವೇ?

ಇಟಲಿ ದೇಶದ ಟ್ಯೂರಿನ್ ಪಟ್ಟಣದಲ್ಲಿ 1847ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳುವದು ಯುಕ್ತ. ಜಾನ್ ಬೋಸ್ಕೊ ಎಂಬ ಪಾದ್ರಿಯು ನೆಲೆಯಿಲ್ಲದ ಕೆಲವು ಹುಡುಗರನ್ನು ಹುಲ್ಲಿನ ಅಟ್ಟದಲ್ಲಿ ಮಲಗಿಸಿದನು. ಬೆಳಗಾಗುವಾಗ ಹುಡುಗರೂ ಇಲ್ಲ, ಕಂಬಳಿಗಳೂ ಇಲ್ಲ. ಆ ಮೇಲೆ ಮೇ ತಿಂಗಳ ಮಳೆಯ ಸಾಯಂಕಾಲದಲ್ಲಿ ತೊಯ್ದು ತೊಪ್ಪೆಯಾದ ಹದಿನೈದು ವರುಷದ ಅನಾಥನೊಬ್ಬನು ಬಾಗಲಿಗೆ ಬಂದನು. ವಾಲ್ಸೇಸಿಯಾ ಸೀಮೆಯಿಂದ ಗಾರೆಕೆಲಸ ಹುಡುಕುತ್ತಾ ಬಂದವನು. ಕೈಯಲ್ಲಿದ್ದ ಮೂರು ಲೀರೆ ಖರ್ಚಾಗಿ ಹೋಗಿತ್ತು. ಬೋಸ್ಕೊನ ವಿಧವೆ ತಾಯಿ ಮಾರ್ಗರೀತಳು ಅವನನ್ನು ಬೆಂಕಿಯ ಬಳಿಯಲ್ಲಿ ಕೂಡ್ರಿಸಿ, ಬಿಸಿ ಸಾರನ್ನೂ ರೊಟ್ಟಿಯನ್ನೂ ಕೊಟ್ಟಳು. ಕಂಬಳಿ ಕಳಕೊಂಡಿದ್ದ ಮಗನು ಹಿಂಜರಿದು, ಇವನು ಪಾತ್ರೆಗಳನ್ನೂ ಒಯ್ದಾನೆಂದು ಅಂಜಿದನು. ತಾಯಿಯು ಅದನ್ನು ತಾನು ನೋಡಿಕೊಳ್ಳುವೆನೆಂದು ಹೇಳಿ, ಇಟ್ಟಿಗೆಗಳ ಮೇಲೆ ಹಲಗೆಗಳನ್ನಿಟ್ಟು ಅಡಿಗೆಮನೆಯಲ್ಲಿಯೇ ಹಾಸಿಗೆ ಮಾಡಿ, ನಾಲ್ಕು ಬುದ್ಧಿಯ ಮಾತು ಹೇಳಿದಳು. ರಾತ್ರಿ ಆ ಕೋಣೆಗೆ ಬೀಗ ಬಿತ್ತು.

ಆ ಬೀಗದ ಸಂಗತಿಯನ್ನು ಅವನು ಮುಚ್ಚದೆ ಬರೆದಿಟ್ಟದ್ದು ನಮಗೆ ಮೆಚ್ಚುಗೆ. ಪ್ರೀತಿಯೆಂದರೆ ಕಣ್ಣು ಮುಚ್ಚಿಕೊಳ್ಳುವದಲ್ಲ. ಕಂಬಳಿ ಹೋಯಿತೆಂದು ಬಾಗಲನ್ನೇ ಮುಚ್ಚಿಬಿಡುವದೂ ಅಲ್ಲ. ಬೋಸ್ಕೊನು ರೋಮನ್ ಸಭೆಯವನಲ್ಲವೇ ಎಂದು ಮೂಗು ಮುರಿಯುವವರಿಗೆ, ಗಾಯಪಟ್ಟವನನ್ನು ಎತ್ತಿದ ಸಮಾರ್ಯದವನು ಯಾವ ಸಭೆಯವನೆಂದು ಕರ್ತನ ಬಾಯಿಂದಲೇ ಕೇಳಿಕೊಳ್ಳಿರಿ ಎಂದಷ್ಟೇ ಹೇಳುವೆವು. ಅವನ ಅನುಯಾಯಿಗಳು 1980ರಲ್ಲಿ ಬೆಂಗಳೂರಿನ ಬೀದಿಮಕ್ಕಳಿಗಾಗಿ ಇದೇ ಕೆಲಸವನ್ನು ಆರಂಭಿಸಿದರು.

ಇನ್ನೊಂದು ಆಕ್ಷೇಪವು ಭಾರವಾದದ್ದು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ದೇವರ ಆಜ್ಞೆಯಿರಲಾಗಿ, ಓಡಿಬಂದವನಿಗೆ ಅನ್ನ ಹಾಕುವದು ಅವಿಧೇಯತೆಗೆ ನೀರೆರೆದಂತಲ್ಲವೇ? ಹೆತ್ತವರು ಬಾಗಲಲ್ಲಿ ದೀಪವಿಟ್ಟು ಅಳುತ್ತಿರುವ ಮನೆಗೆ ಮಗನು ಹಿಂದಿರುಗಲೇಬೇಕು. ಆದರೆ ಹೊಲದ ಆ ಯೌವನಸ್ಥನು ದಾವೀದನನ್ನು ಏನು ಬೇಡಿಕೊಂಡನು? ತನ್ನನ್ನು ಕೊಲ್ಲುವದಿಲ್ಲ, ಯಜಮಾನನ ಕೈಗೆ ಒಪ್ಪಿಸುವದಿಲ್ಲ ಎಂದು ದೇವರ ಮೇಲೆ ಆಣೆಯಿಡಬೇಕೆಂದನು. ತಪ್ಪಿಸಿಕೊಂಡು ಬಂದ ದಾಸನನ್ನು ದಣಿಗೆ ಹಿಂದಕ್ಕೆ ಕೊಡಕೂಡದೆಂದೂ, ಅವನಿಗೆ ಇಷ್ಟವಾದ ಊರಲ್ಲಿ ವಾಸಿಸಗೊಡಬೇಕೆಂದೂ ಮೋಶೆಯ ಧರ್ಮಶಾಸ್ತ್ರವಿದೆ (ಧರ್ಮೋಪದೇಶಕಾಂಡ 23:15–16). ಹಿಂದಿರುಗಿಸತಕ್ಕ ಮನೆ ಯಾವದು, ಹಿಂದಿರುಗಿಸಬಾರದ ಮನೆ ಯಾವದು ಎಂಬದನ್ನು ಒಂದೇ ರಾತ್ರಿಯಲ್ಲಿ ತಿಳಿಯಲಾಗದು. ಹೆದರಿದ ಮಗುವು ಮೊದಲು ಊರಿನ ಹೆಸರನ್ನೇ ತಪ್ಪು ಹೇಳುವದು. ಹಿಂದಕ್ಕೆ ಅಟ್ಟಿಯಾರೆಂಬ ಭಯವೇ ಅದಕ್ಕೆ ಕಾರಣ. ಸ್ನಾನ, ಊಟ, ನಿದ್ರೆಗಳಾಗಿ ಕೆಲವು ದಿವಸಗಳು ಕಳೆದ ಮೇಲೆ ಸತ್ಯವು ಹೊರಗೆ ಬರುವದು. ಆ ದಿವಸಗಳಿಗಾಗಿಯೇ ಆಶ್ರಯಮನೆ.

ದೇಶದ ಕಾನೂನೂ ಹೀಗೆಯೇ ಇದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, 18 ವರುಷದ ಒಳಗಿನ ಮಗುವು ದಿಕ್ಕಿಲ್ಲದೆ ಸಿಕ್ಕಿದರೆ 24 ಗಂಟೆಗಳೊಳಗೆ ತಿಳಿಸತಕ್ಕದ್ದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ವಿಚಾರಿಸಿ, ಕ್ಷೇಮವಾಗಿದ್ದರೆ ಮನೆಗೇ ಸೇರಿಸುವದು. ತಿಳಿಸುವದಕ್ಕೆ 1098 ಎಂಬ ಸಂಖ್ಯೆಯುಂಟು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ದೂರವಾಣಿಗೆ ಹಗಲಿರುಳು ಹಣವಿಲ್ಲದೆ ಕರೆಮಾಡಬಹುದು. ಆದಕಾರಣ ಕರುಣೆಯಿಂದಾದರೂ ಯಾರೂ ಅಂಥ ಮಗುವನ್ನು ಗುಟ್ಟಾಗಿ ಮನೆಯಲ್ಲಿಟ್ಟುಕೊಂಡು ದನ ಕಾಯಿಸಬಾರದು. ಅದು ಕರುಣೆಯೂ ಅಲ್ಲ.

ಕಾಣಿಕೆ ಕೊಡುವವರಿಗೆ ಎರಡು ಮಾತು. ನಾವು ಸಾಕುವ ಹುಡುಗನ ಚಿತ್ರವನ್ನು ಅಚ್ಚುಹಾಕಿಸಿರಿ ಎಂದು ಕೇಳಬೇಡಿರಿ. ಅಂಥ ಮಕ್ಕಳ ಹೆಸರನ್ನೂ ಚಿತ್ರವನ್ನೂ ಪ್ರಕಟಿಸುವದನ್ನು ಅದೇ ಕಾಯಿದೆ ನಿಷೇಧಿಸುತ್ತದೆ. ತನ್ನ ಹರಿದ ಅಂಗಿಯ ಚಿತ್ರವು ಊರೂರಿಗೆ ಹೋಗುವದು ನಿಮ್ಮ ಮಗನಿಗೆ ಇಷ್ಟವಾದೀತೇ? ಹಾಗೆಯೇ ಅನ್ನವನ್ನು ಬಲೆಯಾಗಿ ಬೀಸಬಾರದು. ದಾವೀದನು ರೊಟ್ಟಿ ಕೊಡುವ ಮೊದಲು ಆ ಐಗುಪ್ತ್ಯನ ದೇವರು ಯಾರೆಂದು ಕೇಳಲಿಲ್ಲ.

ಹದಿನೆಂಟು ತುಂಬಿದ ದಿವಸವು ಈ ಮಕ್ಕಳಿಗೆ ಬಹು ಕಠಿಣ, ಯಾಕಂದರೆ ಅಂದು ಮನೆಯ ಕಾಲಾವಧಿಯು ತೀರುವದು. ಕಾಯಿದೆಯಲ್ಲಿ ಮುಂದಿನ ಸಹಾಯಕ್ಕೆ ಅವಕಾಶವಿದ್ದರೂ ಕೆಲಸ ಕಲಿಸುವವರು ಬೇಕಲ್ಲವೇ? ಟ್ಯೂರಿನಿನಲ್ಲಿ ಬೋಸ್ಕೊನು 1850ರ ಅನಂತರದ ವರುಷಗಳಲ್ಲಿ ತನ್ನ ಹುಡುಗರಿಗಾಗಿ ಕಸುಬುದಾರರೊಡನೆ ಕರಾರುಪತ್ರ ಮಾಡಿಕೊಂಡನು. ಹುಡುಗನನ್ನು ಮಾತಿನಿಂದಲೇ ತಿದ್ದಬೇಕು, ಹೊಡೆಯಕೂಡದೆಂಬದು 1852ರ ಅಂಥ ಒಂದು ಪತ್ರದಲ್ಲಿ ಸೇರಿತ್ತು. ನಮ್ಮ ಸಭೆಗಳಲ್ಲಿಯೂ ಬಡಗಿಗಳು, ಗಾರೆಯವರು, ಹೊಲಿಗೆಯವರು ಇದ್ದಾರೆ. ಹಣವಿಲ್ಲದವರು ಇದನ್ನು ಯೋಚಿಸಲಿ.

ಕೊಟ್ಟದ್ದಕ್ಕೆ ಫಲವೇನೆಂದು ಕೇಳುವವರಿಗೆ ಹೇಳತಕ್ಕದ್ದು ಸ್ವಲ್ಪವೇ. ಅಡಿಗೆಮನೆಯಲ್ಲಿ ಮಲಗಿದ ಆ ಹುಡುಗನು ಚಳಿಗಾಲದ ತನಕ ಅಲ್ಲಿದ್ದು, ಕೆಲಸವಿಲ್ಲದಾಗಲು ತನ್ನ ಸೀಮೆಗೆ ಹೋದನು. ಆ ಮೇಲೆ ಅವನ ಸುದ್ದಿಯೇ ಬರಲಿಲ್ಲ. ಹೊಲದಲ್ಲಿ ಸಿಕ್ಕಿದವನು ದಾವೀದನಿಗೆ ದಾರಿ ತೋರಿಸಿದನು, ಸೆರೆಯವರೆಲ್ಲರೂ ಬಿಡುಗಡೆಯಾದರು ನಿಜ. ಆದರೆ ಅಂಜೂರವನ್ನು ಮುರಿದುಕೊಟ್ಟವನಿಗೆ ಅದು ಗೊತ್ತಿರಲಿಲ್ಲ. ಆ ಯೌವನಸ್ಥನು ಮುಂದೆ ಏನಾದನೆಂದು ಸತ್ಯವೇದವು ಹೇಳುವದಿಲ್ಲ.

ತಾಯಂದಿರು ಅನ್ನಕ್ಕಿಡುವಾಗ ತೆಗೆದಿಡುವ ಹಿಡಿ ಅಕ್ಕಿಯಲ್ಲಿಯೂ ಸುಗ್ಗಿಯ ಕಾಣಿಕೆಯಲ್ಲಿಯೂ ಒಂದು ಪಾಲನ್ನು ಇದಕ್ಕೆಂದು ಬೇರೆಯಿಡುವ ವಿಷಯವನ್ನು ಸಭೆಯ ಹಿರಿಯರು ಕೂಡಿ ಮಾತಾಡಲಿ. ನೋಂದಣಿಯಾದ ಮನೆ ಸಮೀಪದಲ್ಲಿ ಯಾವದುಂಟೆಂಬದನ್ನು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ವಿಚಾರಿಸಿ, ಅಲ್ಲಿಗೆ ಕಳುಹಿಸುವದು. ಉಪದೇಶಿಗಳು 1098 ಎಂಬದನ್ನು ದೇವಾಲಯದ ಬಾಗಲ ಮೇಲೆ, ಮಕ್ಕಳಿಗೂ ಕಾಣುವ ಎತ್ತರದಲ್ಲಿ, ದೊಡ್ಡ ಅಂಕೆಗಳಿಂದ ಬರೆಯಿಸಲಿ.