ಐದನೆಯದು ದೈವ

ಎರಡೂ ತಂಡದವರು ಒಂದೇ ಬೆಟ್ಟ ಹತ್ತಿ, ಒಂದೇ ದೇವರಿಗೆ ಕಾಯಿ ಒಡೆಸಿಕೊಂಡು ಬಂದಿದ್ದರೆ ಆ ದೇವರು ಯಾರ ಕಡೆ ನಿಲ್ಲಬೇಕು? ಅರಸೀಕೆರೆ ತಾಲ್ಲೂಕಿನಲ್ಲಿ ಇದು ತರ್ಕಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಶಾಲಾ ಕ್ರೀಡಾಕೂಟಗಳು ಬರುವ ಹೊತ್ತಿನ ಹುಣ್ಣಿಮೆಗೆ ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಹೋದರೆ ಅಲ್ಲಿ ಗಂಡಸಿ ಕಡೆಯ ಹುಡುಗರೂ ಸಿಗುತ್ತಾರೆ, ಬಾಣಾವರದ ಕಡೆಯವರೂ ಸಿಗುತ್ತಾರೆ. ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್ಲಿನಲ್ಲಿ ಅವರೇ ಎದುರುಬದುರು. ಎರಡೂ ಕಡೆಯ ಹಣೆಯಲ್ಲಿ ಅದೇ ವಿಭೂತಿ. ಒಂದು ವಿಭೂತಿ ಗೆಲ್ಲುತ್ತದೆ, ಇನ್ನೊಂದು ಸೋತು ಅಳುತ್ತದೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಬಡ್ಡಿ ಆಡಿದವನಲ್ಲ. ಆದರೆ ಪಿ.ಇ. ಮೇಷ್ಟ್ರು ಬಾಯಿಗೆ ಸೀಟಿ ಇಟ್ಟುಕೊಂಡರೆ ಮೈಕೂ ಸ್ಕೋರ್ ಶೀಟೂ ನನ್ನ ಪಾಲಿಗೆ ಬರುತ್ತಿದ್ದವು. ಕನ್ನಡ ಮೇಷ್ಟ್ರಿಗೆ ಗಂಟಲಿರುತ್ತದೆ, ಬೇರೆ ಕೆಲಸ ಇರುವುದಿಲ್ಲ ಎಂಬುದು ಸ್ಟಾಫ್ ರೂಮಿನ ನಂಬಿಕೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಪಕ್ಕದೂರಿನ ಶಾಲೆಯವರ ಜೊತೆ ಪಂದ್ಯ. ಸೋಮವಾರದ ಪ್ರಾರ್ಥನೆಯಲ್ಲಿ, ದಿನಪತ್ರಿಕೆಯ ತಲೆಬರಹಗಳಾದ ಮೇಲೆ, ‘ವಾರದ ಆಟಗಾರ’ನ ಹೆಸರು. ಅದನ್ನು ಓದುವವನೂ ನಾನೇ. ಹೆಸರು ಓದಿದ ಕೂಡಲೇ ಸಾಲಿನಲ್ಲಿ ನಿಂತ ಆ ಮಗುವಿನ ಕಿವಿ ಕೆಂಪಾಗುವುದನ್ನು ನೋಡಬೇಕು. ಬೋರ್ಡ್ ಪರೀಕ್ಷೆಯ ಅಂಕಕ್ಕೂ ಅಷ್ಟು ಕೆಂಪಾಗುವುದಿಲ್ಲ.

ಈ ಪದ್ಧತಿಗೆ ಮೊದಲ ಆಕ್ಷೇಪ ಬಂದದ್ದು ಒಬ್ಬ ತಂದೆಯಿಂದ. ತೆಂಗಿನ ತೋಟದವರು, ದೈವಭಕ್ತರು, ಬೆಟ್ಟದ ಸಿದ್ದೇಶ್ವರ ಅವರ ಬಾಯಲ್ಲಿ ‘ಸಿದ್ದಪ್ಪ’. ಮಗನ ಹೆಸರು ಎರಡು ವಾರ ಬಿಡದೆ ಬಂದಿತ್ತು. ಎಪಿಎಂಸಿ ಹತ್ತಿರ ಸಿಕ್ಕವರು, “ಎಲ್ಲಾ ಸಿದ್ದಪ್ಪಂದು ಮೇಷ್ಟ್ರೇ. ಹುಡುಗಂದು ಏನೈತೆ? ಹಂಗೆ ಹೆಸರು ಹಿಡಿದು ಕೂಗಿ ತಲೆಗೇರಿಸ್ಬೇಡಿ” ಅಂದರು. ಎರಡನೆಯ ಆಕ್ಷೇಪ ಬಂದದ್ದು ಒಂಬತ್ತನೇ ತರಗತಿಯ ಹುಡುಗಿಯಿಂದ, ಅದೂ ಪ್ರಾರ್ಥನೆಗೆ ಮೊದಲೇ. “ಸಾ, ನನ್ ಹೆಸ್ರು ಓದ್ಬೇಡಿ. ನಾನು ಹಿಡಿದಿದ್ದು ಕಾಲು ಮಾತ್ರ. ಬೀಳ್ಸಿದ್ದು ಅವಳು.”

ಮೇಲ್ನೋಟಕ್ಕೆ ಎರಡೂ ವಿನಯದ ಮಾತೇ. ಆದರೆ ತಂದೆಯ ಮಾತಿನಲ್ಲಿ ಆಟವೇ ಇಲ್ಲ. ಹುಡುಗಿಯ ಮಾತಿನಲ್ಲಿ ಆಟ ಇಡಿಯಾಗಿ ಇದೆ.

ಅವಳು ಹೇಳಿದ ಆ ಕ್ಯಾಚನ್ನು ನಾನು ಕಣ್ಣಾರೆ ನೋಡಿದ್ದೆ. ಎದುರಾಳಿ ರೈಡರ್ ಬೋನಸ್ ಗೆರೆ ದಾಟಲು ಎಡಗಾಲು ಚಾಚಿದಳು. ಕಾರ್ನರಿನಲ್ಲಿದ್ದ ನಮ್ಮ ಹುಡುಗಿ ನೆಲಕ್ಕೆ ಬಿದ್ದು ಕಣಕಾಲು ಹಿಡಿದಳು. ರೈಡರ್ ಗಟ್ಟಿಗಿತ್ತಿ, ಇವಳನ್ನು ಎಳೆದುಕೊಂಡೇ ಮಧ್ಯದ ಗೆರೆಯ ಕಡೆಗೆ ಹೊರಟಳು. ಇವಳ ಮೊಣಕೈ ಮಣ್ಣಿನಲ್ಲಿ ಗೀರಿಕೊಂಡು ಹೋಯಿತು, ಹಿಡಿತ ಮಾತ್ರ ಬಿಡಲಿಲ್ಲ. ರೈಡರಿನ ಬೆರಳಿಗೂ ಸುಣ್ಣದ ಗೆರೆಗೂ ಒಂದು ಗೇಣು ಇದೆ ಅನ್ನುವಾಗ ಕವರಿನಲ್ಲಿದ್ದ ಹುಡುಗಿ ಬಂದು ಸೊಂಟಕ್ಕೆ ಅಡ್ಡ ಬಿದ್ದಳು. ಸೀಟಿ. ನಾನು ಶೀಟಿನಲ್ಲಿ ಕಾರ್ನರಿನವಳ ನಂಬರಿನ ಮುಂದೆ ಒಂದು ಗುರುತು ಹಾಕಿದೆ. ಕವರಿನವಳಿಗೆ ಏನೂ ಇಲ್ಲ. ಟಿ.ವಿ.ಯಲ್ಲಿ ಬರುವ ಪ್ರೊ ಕಬಡ್ಡಿಯಲ್ಲೂ ಹಾಗೆಯೇ, ಹಿಡಿತದ ಅಂಕ ಒಬ್ಬರ ಲೆಕ್ಕಕ್ಕೇ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಫೈನಲ್ ಒಂದರಲ್ಲೇ 22 ಅಂಕ ತಂದದ್ದು ನಮ್ಮ ಶಾಲೆಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಿದ್ದ. ಗೆಲುವಿನ ಅಂತರ ಬರೀ ಐದು. ಆ ಐದನ್ನು ಉಳಿಸಿಕೊಂಡ ಹಿಂದಿನ ಸಾಲಿನವರು ಯಾರು ಅಂದರೆ ಮಾತು ನಿಲ್ಲುತ್ತಿತ್ತು.

ಇಷ್ಟಕ್ಕೂ ಗೆಲುವು ಯಾರದ್ದು? ನಮ್ಮಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಗೀತೆಯ ಎರಡನೇ ಅಧ್ಯಾಯಕ್ಕೆ ಓಡುತ್ತಾರೆ. ಕರ್ಮ ಮಾಡು, ಫಲ ಕೇಳಬೇಡ ಎಂದು ಭಾಷಣ ಮಾಡುತ್ತಾರೆ. ಬಹುಮಾನ ವಿತರಣೆಗೆ ಬರುವ ಮುಖ್ಯ ಅತಿಥಿಗಳಿಗೆ ಆ ಮಾತು ಬಲು ಇಷ್ಟ, ಅದನ್ನು ಹೇಳುತ್ತಲೇ ಶೀಲ್ಡ್ ಹಿಡಿದು ಫೋಟೋಗೆ ನಿಲ್ಲುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು ಹದಿನೆಂಟನೇ ಅಧ್ಯಾಯ. ಯಾವ ಕೆಲಸವೇ ಆಗಲಿ ಅದು ಕೈಗೂಡಲು ಐದು ಕಾರಣಗಳು ಬೇಕು ಎಂದು ಕೃಷ್ಣ ಅಲ್ಲಿ ಎಣಿಸುತ್ತಾನೆ: ನೆಲೆ, ಕರ್ತೃ, ಬಗೆಬಗೆಯ ಸಾಧನಗಳು, ನಾನಾ ವಿಧದ ಯತ್ನ, ಐದನೆಯದು ದೈವ. ಇಷ್ಟಿದ್ದೂ ತಾನೊಬ್ಬನೇ ಮಾಡಿದೆ ಅಂದುಕೊಳ್ಳುವವನಿಗೆ ಕಣ್ಣು ಕಾಣದು ಅನ್ನುತ್ತಾನೆ.

ವ್ಯಾಖ್ಯಾನಕಾರರು ನೆಲೆ ಅಂದರೆ ದೇಹ ಅನ್ನುತ್ತಾರೆ. ಇರಲಿ. ಕಬಡ್ಡಿಯವರ ಮುಂದೆ ನಾನು ಅದನ್ನು ಅಂಕಣದ ಮಣ್ಣು ಅಂತಲೇ ಓದಿದೆ. ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಸೆರಗು. ಆಗಸ್ಟಿನಲ್ಲಿ ನಮ್ಮ ಅಂಕಣದಲ್ಲಿ ಧೂಳೆದ್ದರೆ ಅವರದ್ದರಲ್ಲಿ ಪಾದ ಹೂಳುತ್ತದೆ. ಒಣ ನೆಲದಲ್ಲಿ ಮಿಂಚಿನ ಹಾಗೆ ತಿರುಗುವ ನಮ್ಮ ರೈಡರು ಅಲ್ಲಿಯ ಕೆಸರಿನಲ್ಲಿ ಕಾಲು ಕೀಳುವಷ್ಟರಲ್ಲಿ ಹಿಡಿತಕ್ಕೆ ಸಿಕ್ಕಿರುತ್ತಾನೆ. ಹುಡುಗ ಅದೇ ಹುಡುಗ, ಸಿದ್ದಪ್ಪನೂ ಅದೇ ಸಿದ್ದಪ್ಪ. ಸಾಧನ ಅಂದರೆ ಕೈಕಾಲು, ಉಸಿರು. ಅದರ ಹಿಂದೆ ಬಿಸಿಯೂಟದ ಅಡುಗೆಯವರಿದ್ದಾರೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ. ಯತ್ನದಲ್ಲಿ ಕವರಿನವಳ ಯತ್ನವೂ ಸೇರಿತು. ಇವೆಲ್ಲ ಆದ ಮೇಲೆ ದೈವ. ಆ ಪದಕ್ಕೆ ಶಂಕರರು ಕಣ್ಣು ಮೊದಲಾದ ಇಂದ್ರಿಯಗಳನ್ನು ಅನುಗ್ರಹಿಸುವ ಆದಿತ್ಯಾದಿ ದೇವತೆಗಳು ಎಂದು ಅರ್ಥ ಹೇಳಿದರು. ರಾಮಾನುಜರು ಒಳಗಿದ್ದು ನಡೆಸುವ ಪರಮಾತ್ಮನೇ ಅಂದರು. ಈ ಇಬ್ಬರಲ್ಲಿ ಯಾರನ್ನು ಒಪ್ಪಿದರೂ ಉಳಿದ ನಾಲ್ಕು ಅಳಿಸಿಹೋಗುವುದಿಲ್ಲ.

ಇದನ್ನು ಆ ತಂದೆಗೆ ಹೇಳಿದೆ. ನಾನೇ ಮಾಡಿದೆ ಅನ್ನುವ ಹುಡುಗ ನಾಲ್ಕು ಕಾರಣಗಳನ್ನು ಒರೆಸಿದ. ಎಲ್ಲಾ ಸಿದ್ದಪ್ಪಂದು ಅನ್ನುವ ನೀವೂ ನಾಲ್ಕನ್ನೇ ಒರೆಸಿದಿರಿ, ಯಾವ ನಾಲ್ಕು ಅನ್ನುವುದಷ್ಟೇ ಬೇರೆ. ಅವರು ತುಸು ಹೊತ್ತು ಸುಮ್ಮನಿದ್ದು, “ಅಂದ್ರೆ ಸೋತೋರ ಕಡೀಗೂ ಸಿದ್ದಪ್ಪ ಇದ್ದ ಅನ್ನಿ” ಅಂದರು. ನಾನು ಬಾಯಲ್ಲಿ ಹೇಳಲು ಹೆದರುತ್ತಿದ್ದುದನ್ನು ಅವರೇ ಹೇಳಿಬಿಟ್ಟರು.

ಈ ವಿಷಯದಲ್ಲಿ ಹಳೇಬೀಡಿನ ಬಸ್ತಿಹಳ್ಳಿಯವರದ್ದು ನೇರ ದಾರಿ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದವರು ಕನ್ನಡಿಯಂಥ ಕಂಬಗಳಲ್ಲಿ ಮುಖ ತೋರಿಸಿ ವಾಪಸ್ ಕರೆತರುತ್ತಾರೆ. ಒಳಗೆ ನಿಂತಿರುವ ತೀರ್ಥಂಕರ ಯಾರಿಗೂ ಗೆಲುವು ಕೊಡಿಸುವವನಲ್ಲ, ಜೀವ ತನ್ನ ಕರ್ಮಕ್ಕೆ ತಾನೇ ಹೊಣೆ ಎಂಬುದನ್ನು ಅವರು ಮಕ್ಕಳಿಗೆ ಹೇಳುವುದಿಲ್ಲ. ಬೇಲೂರಿನ ಗುಡಿಗೆ ಬಂದರೆ, ಶೈವರ ಶಿವನೂ ವೇದಾಂತಿಗಳ ಬ್ರಹ್ಮವೂ ಬೌದ್ಧರ ಬುದ್ಧನೂ ಜೈನರ ಅರ್ಹಂತನೂ ಒಬ್ಬನೇ ಎನ್ನುವ ಶ್ಲೋಕ ಅಲ್ಲಿಯ ಶಾಸನದಿಂದಲೇ ಊರಿನವರ ಬಾಯಿಗೆ ಬಂದಿದೆ. ಅದೇ ಶ್ಲೋಕದ ಪ್ರಕಾರ ನೈಯಾಯಿಕರಿಗೆ ಅವನು ಕರ್ತೃ, ಮೀಮಾಂಸಕರಿಗೆ ಕರ್ಮ. ಗೈಡುಗಳು ಇದನ್ನು ಸರ್ವಧರ್ಮ ಸಮನ್ವಯ ಎಂದು ಹೇಳಿ ಮುಗಿಸುತ್ತಾರೆ. ದೇವರನ್ನು ‘ಕರ್ಮ’ ಎಂದೇ ಕರೆದ ಪಂಥವೊಂದಿತ್ತು ಎನ್ನುವುದು ನನಗೆ ಸಮನ್ವಯಕ್ಕಿಂತ ದೊಡ್ಡ ಸಂಗತಿ.

ಇನ್ನು ಹೆಸರಿನ ಮಾತು. ಹೆಸರು ಕೂಗಿಸಿಕೊಳ್ಳುವುದು ಅಹಂಕಾರವೇ? ನಮ್ಮ ಸೀಮೆಯಲ್ಲಿ ಕುಳಿತು ಈ ಪ್ರಶ್ನೆ ಕೇಳುವವರು ಮೊದಲು ಚೆನ್ನಕೇಶವನ ಗುಡಿಯ ಮದನಿಕೆಯರ ಪೀಠ ನೋಡಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳ ಸೊಕ್ಕಡಗಿಸಿದವನು ಎಂಬ ಧಾಟಿಯ ಬಿರುದುಗಳೂ ಇವೆ. ರೈಡಿಗೆ ಹೋಗುವ ಮುಂಚೆ ತೊಡೆ ತಟ್ಟುವುದೆಂದರೆ ಇದೇ. ಅದೂ ದೇವರ ಮನೆಯ ಗೋಡೆಯ ಮೇಲೆ. ನೂರು ವರ್ಷದ ನಂತರ ನಮ್ಮ ತಾಲ್ಲೂಕಿನ ಜಾವಗಲ್ಲು, ಹಾರನಹಳ್ಳಿ ಗುಡಿಗಳಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಕೆಲವು ಕಡೆ ಪೂರ್ತಿ ಹೆಸರೂ ಬರೆಯದೆ ‘ಮಲ್ಲಿ’ ಎಂದು ಬಿಟ್ಟಿದ್ದಾನೆ. ನೋಡುವವರಿಗೆ ಅಷ್ಟು ಸಾಕು ಎಂಬ ಧೈರ್ಯ.

ದಾಸೋಜನ ಅದೇ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಆಡಿದ ಮಾತಿಗೆ ತಮ್ಮ ಹೆಸರು ಹಾಕದೆ ಇಷ್ಟದೈವದ ಅಂಕಿತ ಹಾಕಿದರು. ದಾಸರೂ ಮುಂದೆ ಹಾಗೇ ಮಾಡಿದರು. ಇದು ಮೇಲು, ಅದು ಕೀಳು ಎಂದು ತೀರ್ಮಾನಿಸಲು ನನಗೆ ಮನಸ್ಸಿಲ್ಲ. ವಚನಕಾರನ ಮಾತು ಅವನ ಒಳಗಿಂದ ಬಂದದ್ದು, ಅಲ್ಲಿ ‘ನಾನು’ ಅಡ್ಡ ನಿಲ್ಲಬಾರದು. ರೂವಾರಿಯದು ಪಕ್ಕದವನ ಉಳಿ ಮುಂದೆ ತನ್ನ ಉಳಿ ಹಿಡಿದು ಮಾಡಿದ ಕೆಲಸ, ಅಲ್ಲಿ ಹೆಸರೆಂದರೆ ಹೊಣೆ. ಮೂಗು ಕೆಟ್ಟರೆ ಯಾರನ್ನು ಕೇಳಬೇಕು ಎಂಬುದೂ ಅದರಲ್ಲಿದೆ. ಹೈಸ್ಕೂಲು ಮಕ್ಕಳು ರೂವಾರಿಗಳ ಪೈಕಿ. ಹದಿನೈದು ವರ್ಷದ ಮಗುವಿಗೆ, ಇನ್ನೂ ಬೆಳೆಯದ ‘ನಾನು’ವನ್ನು ಬಿಡು ಎಂದು ಉಪದೇಶಿಸುವುದು ದೊಡ್ಡವರ ಚಟ.

ಆದರೆ ಹಳೇಬೀಡಿನ ಹೊಯ್ಸಳೇಶ್ವರದ ತಳಪಟ್ಟಿಯ ಆನೆಸಾಲಿನ ಎದುರು ನಿಂತಾಗ ಈ ವಾದ ಸ್ವಲ್ಪ ಅಲುಗುತ್ತದೆ. ಮೇಲಿನ ದೊಡ್ಡ ವಿಗ್ರಹಗಳ ಕೆಳಗೆ ಅಲ್ಲಲ್ಲಿ ಹೆಸರಿವೆ. ಸಾಲಿಟ್ಟ ಆನೆಗಳನ್ನು ಯಾರು ಯಾರು ಕಡೆದರು ಎಂದು ಕೇಳಿದವರಿಲ್ಲ. ಗೋಡೆಯ ಭಾರವೆಲ್ಲ ಆ ಪಟ್ಟಿಯ ಮೇಲೆ.

ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರೂ ಇದ್ದಾರೆ. ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದವರು ಕ್ರಿಕೆಟಿನ ಶ್ರೀನಾಥ್. ಹುಟ್ಟಿ ಬೆಳೆದದ್ದು ಮೈಸೂರು, ಹೆಸರಿನ ಮುಂದೆ ಮಾತ್ರ ನಮ್ಮೂರು. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆ ಪಾಲಾಗಿವೆ. ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು, ಹತ್ತನೆಯದೂ ಗೆಳೆಯನಿಗೇ ಸಿಗಲಿ ಎಂದು. ಸಿಕ್ಕಿತು. 74 ರನ್ನಿಗೆ ಹತ್ತು. 1956ರಲ್ಲಿ ಜಿಮ್ ಲೇಕರ್ ಮಾಡಿದ್ದ ಸಾಧನೆ ಎರಡನೇ ಸಲ ಆಯಿತು. ಅದೇ ತಿಂಗಳು ಕೋಲ್ಕತ್ತಾದಲ್ಲಿ ಅದೇ ಪಾಕಿಸ್ತಾನದ ಎದುರು ಶ್ರೀನಾಥ್ ಮೊದಲ ಇನ್ನಿಂಗ್ಸಿನಲ್ಲಿ ಐದು, ಎರಡನೆಯದರಲ್ಲಿ ಎಂಟು, ಒಟ್ಟು ಹದಿಮೂರು ವಿಕೆಟ್ ತೆಗೆದರು. ಭಾರತ 46 ರನ್ನಿನಿಂದ ಸೋತಿತು.

ಭಾಷಣಕಾರರು ನಿಷ್ಕಾಮ ಕರ್ಮಕ್ಕೆ ದೆಹಲಿಯ ಉದಾಹರಣೆ ಕೊಡುತ್ತಾರೆ. ನಾನು ಕೋಲ್ಕತ್ತಾದ್ದು ಕೊಡುತ್ತೇನೆ. ದೆಹಲಿಯಲ್ಲಿ ಶ್ರೀನಾಥ್ ಬಿಟ್ಟುಕೊಟ್ಟದ್ದು ಫಲವನ್ನಷ್ಟೇ ಅಲ್ಲ, ಕರ್ಮವನ್ನೂ. ವಿಕೆಟ್ ತೆಗೆಯುವ ಕೆಲಸವನ್ನೇ ಒಂದು ಓವರು ಬದಿಗಿಟ್ಟರು. ಅದು ಸ್ನೇಹ, ಬಹಳ ದೊಡ್ಡ ಸ್ನೇಹ, ಅದನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಆದರೆ ಕೋಲ್ಕತ್ತಾದಲ್ಲಿ ಅವರು ಕೆಲಸದ ಒಂದೆಳೆಯನ್ನೂ ಬಿಡಲಿಲ್ಲ, ಫಲ ತಾನಾಗಿ ಬಿಟ್ಟುಹೋಯಿತು. ಗೀತೆ ಮಾತಾಡುತ್ತಿರುವುದು ಇಂಥದ್ದರ ಬಗ್ಗೆ. ಐದು ಕಾರಣಗಳಲ್ಲಿ ತನ್ನ ಪಾಲಿನದನ್ನು ಪೂರ್ತಿ ಸಲ್ಲಿಸಿದ ಮೇಲೂ ಗೆಲುವು ಬಾರದೆ ಇರಬಹುದು. ಆಗ ಸಲ್ಲಿಸಿದ್ದು ಸುಳ್ಳಾಗುತ್ತದೆಯೇ? ಎರಡೂ ತಂಡದ ವಿಭೂತಿಯ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ದೇವರು ಸ್ಕೋರ್ ಬೋರ್ಡಿನ ಕಡೆ ಇಲ್ಲ. ಮೊಣಕೈ ಗೀರಿದರೂ ಕಣಕಾಲು ಬಿಡದ ಕೈಯಲ್ಲಿ ಇದ್ದಾನೆ, ಆ ಹಿಡಿತದಿಂದ ಬಿಡಿಸಿಕೊಳ್ಳಲು ಎಳೆಯುತ್ತಿದ್ದ ಕಾಲಿನಲ್ಲೂ ಇದ್ದಾನೆ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಸುಣ್ಣದ ಗೆರೆ ನೋಡಿ ಸೀಟಿ ಊದುವುದು ಪಿ.ಇ. ಮೇಷ್ಟ್ರ ಕೆಲಸ.

ಆ ಸೋಮವಾರ ಹುಡುಗಿಯ ಹೆಸರು ಓದಿದೆ. ಜೊತೆಗೆ ಕವರಿನವಳ ಹೆಸರೂ ಓದಿದೆ, ಯಾವ ಕ್ಯಾಚಿನಲ್ಲಿ ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳಿದೆ. ಪ್ರಾರ್ಥನೆ ಐದು ನಿಮಿಷ ಉದ್ದವಾಯಿತು, ಗಣಿತದ ಮೇಡಂ ವಾಚು ನೋಡಿಕೊಂಡರು. ಕಾರ್ನರಿನವಳು ಮೊದಲ ಸಲ ತಲೆ ಎತ್ತಿ ನಿಂತಿದ್ದಳು.

ಈಗ ಮೈಕು ಬೇರೆಯವರ ಕೈಯಲ್ಲಿದೆ. ಈ ಸಲದ ಹೋಬಳಿ ಕೂಟಗಳಲ್ಲಿ ಅದನ್ನು ಹಿಡಿಯುವ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ವಿನಂತಿ. ‘ಉತ್ತಮ ಆಟಗಾರ’ ಎಂದು ಹೆಸರೊಂದನ್ನೇ ಕೂಗಿ ಕೈಬಿಡಬೇಡಿ, ಏನು ಮಾಡಿದ್ದಕ್ಕೆ ಉತ್ತಮ ಎಂದು ಹೇಳಿ. ಕ್ಯಾಚಿಗೆ ಎರಡನೆಯವರಾಗಿ ಬಂದು ಬಿದ್ದವರನ್ನು ಗುರುತಿಸಲು ಶೀಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಕಾಲಮ್ಮು ಎಳೆದುಕೊಳ್ಳಿ, ಇಲಾಖೆ ಬೇಡ ಅನ್ನುವುದಿಲ್ಲ. ಸೋತ ಶಾಲೆಯಿಂದಲೂ ಒಬ್ಬರ ಹೆಸರು ಓದಿ. ಅವರ ಬಸ್ಸು ಹೊರಡುವ ಮುಂಚೆಯೇ ಓದಿ.