ಇಂದಿನ ಧಮ್ಮ ಚಿಂತನೆ: ಬಟವಾಡೆಯ ಸಂಜೆ ಮತ್ತು ಚಂಕಮಣ



ಇವತ್ತು ಬಟವಾಡೆ. ಅದಕ್ಕೇ ಐದನೆಯ ಶೀಲದ ಬಗ್ಗೆ ಬರೆಯುತ್ತಿದ್ದೇನೆ. ಬಾಳೆಲೆಯಲ್ಲಿ ತೋಟದ ಕೂಲಿ ಕೈಗೆ ಬಂದ ಸಂಜೆ ಕಾಲು ಯಾವ ಕಡೆ ತಿರುಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ದೀಕ್ಷೆ ತೆಗೆದುಕೊಂಡ ಮೇಲೂ ಎರಡು ವರ್ಷ ಗುಟ್ಟಾಗಿ ನೈಂಟಿ ಪ್ಯಾಕೆಟ್ ತಂದು ಕುಡಿದವನು ನಾನು. ಪಂಚಶೀಲ ಹೇಳುವಾಗ ಐದನೆಯದು ಬಂದರೆ ದನಿ ಇಳಿಸುತ್ತಿದ್ದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ನನಗೆ ಅದು ಬಾಯಿಪಾಠವಿತ್ತು. ಆದರೆ ಬಾಯಿಪಾಠಕ್ಕೆ ಸಂಜೆ ಆರು ಗಂಟೆಯ ಆಸೆ ನಿಲ್ಲಲಿಲ್ಲ.

ಯಾಕೆ ನಿಲ್ಲುವುದಿಲ್ಲ? ನಮ್ಮ ಮಿದುಳಿನಲ್ಲಿ "ಇದು ಹಿತವಾಗಿತ್ತು, ಮತ್ತೆ ಮಾಡು" ಎಂದು ಕಲಿಸುವ ಒಂದು ವ್ಯವಸ್ಥೆ ಇದೆ. ಡೋಪಮೀನ್ ಎಂಬ ರಾಸಾಯನಿಕ ಅದರ ಮುಖ್ಯ ಸುದ್ದಿಗಾರ. 1954ರಲ್ಲಿ ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮಿದುಳಿಗೆ ತಂತಿ ಜೋಡಿಸಿ, ಅದು ಸನ್ನೆಯೊಂದನ್ನು ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಗಂಟೆಗೆ ನೂರಾರು ಸಲ ಒತ್ತುತ್ತಲೇ ಹೋಯಿತು. ಭಗವಾನರು ತಣ್ಹಾ ಎಂದದ್ದು ನೆನಪಾಗುತ್ತದೆ ಅಲ್ಲವೇ? ಮದ್ಯ ಒತ್ತುವುದೂ ಇದೇ ಸನ್ನೆಯನ್ನೇ. ವರ್ಷಗಟ್ಟಲೆ ಕುಡಿದವರ ಮಿದುಳಿನಲ್ಲಿ ಡೋಪಮೀನ್ ಸುದ್ದಿಯನ್ನು ಪಡೆಯುವ ಗ್ರಾಹಕಗಳು ಕಡಿಮೆಯಾಗಿರುತ್ತವೆ. ಆಗ ಬಿಸಿ ಅನ್ನವಾಗಲಿ ಮಗುವಿನ ಮಾತಾಗಲಿ ಮುಂಚಿನ ಹಾಗೆ ಹಿತ ಕೊಡುವುದಿಲ್ಲ. ಕುಡಿತ ಬಿಟ್ಟ ಮೊದಲ ತಿಂಗಳುಗಳಲ್ಲಿ ಎಲ್ಲವೂ ಸಪ್ಪೆ ಎನಿಸಿದ್ದಕ್ಕೆ ನನ್ನನ್ನೇ ನಾನು ಬೈದುಕೊಂಡಿದ್ದೆ. ಅದು ನನ್ನ ಕೆಟ್ಟತನವಾಗಿರಲಿಲ್ಲ, ಗಾಯ ಮಾಯುತ್ತಿತ್ತು.

ಈ ಗಾಯಕ್ಕೆ ದೇಹದ ಚಲನೆಯೂ ಒಂದು ಮದ್ದು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೆಥಾಂಫೆಟಮೀನ್ ಎಂಬ ಮಾದಕ ವಸ್ತು ಬಿಡುತ್ತಿದ್ದವರಿಗೆ ಚಿಕಿತ್ಸೆಯ ಜೊತೆಗೆ 8 ವಾರ ವ್ಯಾಯಾಮ ಮಾಡಿಸಿ ಮಿದುಳಿನ ಸ್ಕ್ಯಾನ್ ನೋಡಿದರು. ಅದೇ ಗ್ರಾಹಕಗಳು ಹೆಚ್ಚಾಗಿದ್ದವು. ಸಣ್ಣ ಅಧ್ಯಯನ, ಮದ್ಯದ್ದೂ ಅಲ್ಲ, ಆದರೂ ದಾರಿ ತೋರುತ್ತದೆ. ಸಿಗರೇಟು ಬಿಡುವವರು ಸ್ವಲ್ಪ ಹೊತ್ತು ಬಿರುಸಾಗಿ ನಡೆದರೆ ಸೇದುವ ಆಸೆ ತಗ್ಗುತ್ತದೆ ಎಂದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಓಡಿದಾಗ ನಮ್ಮ ದೇಹದಲ್ಲೇ ಹುಟ್ಟುವ ಒಂದು ಹಿತಕರ ರಾಸಾಯನಿಕಕ್ಕೆ 1992ರಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರು ಆನಂದಮೈಡ್. ನಮ್ಮ 'ಆನಂದ' ಪದವೇ! ದುಡ್ಡು ಕೊಡದೆ ಸಿಗುವ ಆನಂದ.

ಕೂಟದಲ್ಲಿ ಒಬ್ಬ ಅಕ್ಕ ಕೇಳಿದರು: "ದಿನವಿಡೀ ಕಾಫಿ ಕುಯ್ದು ಬರ್ತೀವಿ, ಗಂಡಸರು ಮರ ಕಪಾತು ಮಾಡಿ ಬರ್ತಾರೆ. ವ್ಯಾಯಾಮ ಬೇರೆ ಬೇಕಾ?" ನ್ಯಾಯವಾದ ಪ್ರಶ್ನೆ. ನಮ್ಮ ಮೈಗೆ ದುಡಿಮೆ ಕಡಿಮೆ ಇಲ್ಲ. ಆದರೆ ಮೇಸ್ತ್ರಿಯ ಕೂಗಿಗೆ ಏಳುವ ಮೈಯೇ ಬೇರೆ, ತನಗಾಗಿ ಏಳುವ ಮೈಯೇ ಬೇರೆ. ನಾನು ಕೇಳುತ್ತಿರುವುದು ಆಸೆ ಬರುವ ಆ ಅರ್ಧ ಗಂಟೆಯನ್ನು ಮಾತ್ರ.

ಭಗವಾನರು ಚಂಕಮಣಕ್ಕೆ, ಅಂದರೆ ಒಂದೇ ಜಾಗದಲ್ಲಿ ಆಚೆ ಈಚೆ ನಡೆಯುವ ಧ್ಯಾನಕ್ಕೆ, ಐದು ಲಾಭ ಹೇಳಿದ್ದಾರೆ. ದೂರ ನಡೆಯುವ ಶಕ್ತಿ, ಸಾಧನೆಗೆ ತ್ರಾಣ, ಆರೋಗ್ಯ, ಉಂಡದ್ದು ಅರಗುವುದು, ಹೆಚ್ಚು ಕಾಲ ನಿಲ್ಲುವ ಏಕಾಗ್ರತೆ. ಇದು ನಮ್ಮೂರಿಗೇ ಹೇಳಿಸಿದಂತಿದೆ. ಕತ್ತಲಾದ ಮೇಲೆ ಆನೆ ಭಯ, ರಸ್ತೆಯಲ್ಲಿ ವಾಕಿಂಗ್ ಹೋಗಲಾಗದು. ಲೈನ್ ಮನೆ ಮುಂದಿನ ಕಾಫಿ ಕಣ ಸಾಕು. ಕುಯ್ಲಿನ ಕಾಲದಲ್ಲಿ ಕಣ ತುಂಬಿದ್ದರೆ ಜಗಲಿ. ಕಾಲು ನೆಲ ಮುಟ್ಟುವುದನ್ನು ಗಮನಿಸುತ್ತಾ ನಡೆಯಿರಿ. ಆಸೆ ಏರುತ್ತದೆ, ಇಳಿಯುತ್ತದೆ. ಅನಿಚ್ಚ ಎಂಬ ಮಾತು ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಅರ್ಥವಾದದ್ದು ಕಣದಲ್ಲೇ.

ಅತಿಯೂ ಬೇಡ. ಸಿರಿವಂತರ ಮಗ ಸೋಣ ಭಿಕ್ಷು ನಡೆದೂ ನಡೆದೂ ಅಂಗಾಲು ಒಡೆದು, ಚಂಕಮಣದ ದಾರಿಯೆಲ್ಲ ರಕ್ತವಾಗಿತ್ತು. ವೀಣೆಯ ತಂತಿ ಬಿಗಿಯಾದರೂ ಸಡಿಲವಾದರೂ ನಾದವಿಲ್ಲ ಎಂದು ಭಗವಾನರು ತಿಳಿಹೇಳಿ, ಅವನಿಗೆ ಚಪ್ಪಲಿ ಹಾಕಲು ಅನುಮತಿ ಕೊಟ್ಟರು. ಇಡೀ ಸಂಘಕ್ಕೆ ಕೊಟ್ಟರೆ ಮಾತ್ರ ತಾನೂ ಹಾಕುವೆನೆಂದ ಸೋಣ. ಎಲ್ಲರಿಗೂ ಸಿಕ್ಕಿತು. ಮೇಲ್ಜಾತಿಯವರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಅಜ್ಜಂದಿರ ಮೊಮ್ಮಕ್ಕಳು ನಾವು, ಈ ಕಥೆ ನಮಗೆ ಬೇರೆ ರೀತಿ ಕೇಳಿಸುತ್ತದೆ.

ಒಂದು ಎಚ್ಚರಿಕೆ: ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ಬಿಟ್ಟರೆ ಕೈ ನಡುಕ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಆಸ್ಪತ್ರೆಗೆ ಹೋಗಿ. ಅದರಲ್ಲಿ ನಾಚಿಕೆ ಏನಿಲ್ಲ.

ಸಂಜೆ ಆರಕ್ಕೆ ನಾನು ನಮ್ಮ ಲೈನಿನ ಕಣದಲ್ಲಿರುತ್ತೇನೆ. ಒಬ್ಬರೇ ನಡೆಯಲು ಆಗದವರು ಬನ್ನಿ. ಏನೂ ಕೇಳುವುದಿಲ್ಲ. ಟಾರ್ಚ್ ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.